ತಂಗಿಯ ಲಾಗದ ಬೊಂಬೆ

ನನ್ನ ತಂಗಿ ಕಳುಹಿಸುವ ಸಂದೇಶಗಳಲ್ಲಿ ಅಕ್ಷರವೇ ಇರುವುದಿಲ್ಲ. ಕೈ ನೆಲಕ್ಕೂರಿ, ಕಾಲು ಮೇಲೆತ್ತಿ ಲಾಗ ಹಾಕುವ ಒಂದು ಪುಟ್ಟ ಬೊಂಬೆ ಇರುತ್ತದೆ, ಅಷ್ಟೆ. ನಾನು ನಂಜನಗೂಡಿನವನು, ಅವಳನ್ನು ಕೊಟ್ಟದ್ದು ಕಪಿಲೆ ಹರಿದು ಕಾವೇರಿಯನ್ನು ಸೇರುವ ನರಸೀಪುರಕ್ಕೆ. ಮೊಬೈಲಿನಲ್ಲಿ ಅಕ್ಷರ ಒತ್ತುವುದು ಅವಳಿಗೆ ಬೇಸರ. ಧ್ವನಿಯನ್ನಾದರೂ ಕಳುಹಿಸು ಎಂದರೆ, "ಒಬ್ಳೇ ಕೂತ್ಕೊಂಡು ಫೋನ್‌ಗೆ ಮಾತಾಡಕ್ಕೆ ನಂಗೇನ್ ತಲೆ ಕೆಟ್ಟದಾ?" ಎನ್ನುತ್ತಾಳೆ.

ಅಷ್ಟು ಚಿತ್ರಗಳ ನಡುವೆ ಅವಳು ಇದನ್ನೇ ಆರಿಸಿಕೊಂಡದ್ದು ನನಗೆ ಆಶ್ಚರ್ಯವಲ್ಲ. ಚಿಕ್ಕಂದಿನಲ್ಲಿ ಹೊಳೆಯ ಮರಳಿನ ಮೇಲೆ ಲಂಗ ಸಿಕ್ಕಿಸಿಕೊಂಡು ಅವಳು ಲಾಗ ಹಾಕುತ್ತಿದ್ದರೆ, ಅವ್ವ ಕೋಲು ಹಿಡಿದು ಬರುತ್ತಿದ್ದಳು.

"ತಾತ, ಅದು ಖುಷಿ ಆದಾಗ ಮಾತ್ರ ಹಾಕೋದು," ಎಂದಳು ಕಾಲೇಜು ಓದುವ ಮೊಮ್ಮಗಳು.

"ಯಾರು ಹೇಳಿದ್ದು?"

"ಎಲ್ಲಾರೂ ಅಂಗೇ ಹಾಕ್ತಾರೆ."

"ಎಲ್ಲಾರೂ ಅಂದ್ರೆ ಯಾರವ್ವ? ಅವರ ಮನೆ ಎಲ್ಲದೆ? ಹೋಗಿ ಕೇಳ್ಕೊಂಡು ಬರ್ತೀನಿ."

ಕೇಳಿದ್ದನ್ನು ಕೇಳಿದ ಹಾಗೆಯೇ ನಂಬುವುದು ನನ್ನಿಂದಾಗದು. ಗೌರಿ ಹಬ್ಬಕ್ಕೆ ಬಾಗಿನ ತಡವಾಗಿ ತಲುಪಿದಾಗ ಬೊಂಬೆಯ ಪಕ್ಕದಲ್ಲಿ ಮೆಣಸಿನಕಾಯಿ ಬಂದಿತ್ತು, ಅದು ಖುಷಿಯೇ? ಭಯವಾದರೆ ಬೊಂಬೆಯ ಜೊತೆಗೆ ನೀರಿನ ಹನಿ ಬರುತ್ತದೆ. ಅವಳ ಗಂಡ ತೀರಿಕೊಂಡ ಮೇಲೆ ಬಹಳ ದಿನ ಏನೂ ಬರಲಿಲ್ಲ. ಒಂದು ಮುಂಜಾನೆ ಒಂಟಿ ಬೊಂಬೆ ಬಂತು. ತಂಗಿ ಎದ್ದು ಒಲೆ ಹಚ್ಚಿದ್ದಾಳೆಂದು ತಿಳಿದು, ಸುಮ್ಮನೆ ಅದನ್ನೇ ನೋಡುತ್ತ ಕುಳಿತಿದ್ದೆ.

ಕಳೆದ ಮಳೆಗಾಲದಲ್ಲಿ ಅವಳು ಹೊಳೆದಂಡೆಯ ತೋಟದಲ್ಲಿ ಸೇವಂತಿಗೆ ಹಾಕಿದ್ದಳು. ಗಂಡನಿಲ್ಲದೆ ತಾನೇ ನಿಂತು ಬೆಳೆದ ಮೊದಲ ಬೆಳೆ. ಮಕ್ಕಳಿಬ್ಬರೂ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡೋಣ ಎಂದಿದ್ದರು. ಈ ಹೂವು ವರಮಹಾಲಕ್ಷ್ಮಿ ಹಬ್ಬದ ಮಾರುಕಟ್ಟೆ ಸೇರಿದರೆ ತೋಟ ಅವಳ ಕೈಯಲ್ಲೇ ಉಳಿಯುತ್ತದೆ, ಇಲ್ಲವಾದರೆ ಗುತ್ತಿಗೆದಾರನಿಗೆ. ಹೀಗೆಂದು ಮಕ್ಕಳೊಡನೆ ಮಾತಾಗಿತ್ತು.

ಹಬ್ಬ ಹತ್ತಿರವಿದ್ದಾಗ, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಕೆಳಗಿನ ದಂಡೆಯ ತೋಟಗಳೆಲ್ಲ ಬೆಳಗಾಗುವುದರೊಳಗೆ ಮುಳುಗುತ್ತವೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂತು. ಅದರ ಬೆನ್ನಿಗೇ ತಂಗಿಯ ಬೊಂಬೆ, ನೀರಿನ ಹನಿಗಳೊಂದಿಗೆ.

ಚಪ್ಪಲಿ ಮೆಟ್ಟಿ ಸ್ನಾನಘಟ್ಟಕ್ಕೆ ಹೋದೆ. ಕಪಿಲೆ ಕೆಂಪಗೆ ಉಕ್ಕಿ ಹದಿನಾರು ಕಾಲು ಮಂಟಪದ ಕಂಬಗಳನ್ನು ಸುತ್ತಿಕೊಂಡಿದ್ದಳು. ಆ ಕಂಬಗಳು ನೆನೆದರೆ ನರಸೀಪುರದ ದಂಡೆ ಉಳಿಯುವುದಿಲ್ಲವೆಂದು ನಮ್ಮಪ್ಪನೂ ಹೇಳುತ್ತಿದ್ದ. ಆದರೆ ಕಂಬ ನೆನೆದೂ ತಂಗಿಯ ತೋಟ ಉಳಿದ ವರ್ಷಗಳನ್ನು ನಾನು ಕಂಡಿದ್ದೇನೆ. ಸಂಗಮದಲ್ಲಿ ಕಾವೇರಿಯೂ ತುಂಬಿದ್ದರೆ ಮಾತ್ರ ಕಪಿಲೆಗೆ ದಾರಿ ಸಿಗದೆ ನೀರು ಹಿಂದಕ್ಕೆ ಒತ್ತಿ ತೋಟಕ್ಕೆ ನುಗ್ಗುತ್ತದೆ. ಅಲ್ಲಿಂದಲೇ ಫೋನು ಮಾಡಿದೆ.

"ಅಣ್ಣಯ್ಯ, ಪಕ್ಕದ್ ತೋಟ್ದೋರೆಲ್ಲ ಮೊಗ್ಗೇ ಕಿತ್ಕೊತಾವ್ರೆ. ನಾನೂ ಕಿತ್ಬುಡ್ಲಾ?"

"ತಡಿ. ಮೊದ್ಲು ಸಂಗಮಕ್ಕೋಗಿ ಕಾವೇರಿ ನೋಡು."

"ಕಪಿಲೆ ಉಕ್ಕಿ ಬತ್ತಾವ್ಳೆ ಅಂದ್ರೆ ಕಾವೇರಿ ನೋಡು ಅಂತೀಯಲ್ಲ! ಮೊಗ್ಗು ಯಾರ್ದು, ನಿಂದಾ?"

ಬೈದುಕೊಂಡೇ ಹೋದಳು. ಸಂಗಮ ತಲುಪಿ ಫೋನು ಮಾಡಿದಾಗ ಅವಳಿಗೆ ಏದುಸಿರು. "ಕಾವೇರಿ ತಣ್ಣಗವ್ಳೆ ಅಣ್ಣಯ್ಯ. ನೀರು ತಿಳಿಯಾಗೇ ಅದೆ. ನಮ್ಮವಳೊಬ್ಳೇ ಕೆಂಪಗೆ ಆರ್ಭಟ ಮಾಡ್ತಾವ್ಳೆ."

"ಹಂಗಾದ್ರೆ ಕೀಳ್ಬೇಡ."

"ಕೊಚ್ಕೊಂಡೋದ್ರೆ?"

ನಾನು ಬಾಯಿ ತೆರೆಯುವ ಮೊದಲೇ ಅವಳೇ, "ಸರಿ, ಕೀಳಲ್ಲ," ಎಂದು ಫೋನಿಟ್ಟಳು. ಸುದ್ದಿಯನ್ನು ನಂಬದಿರುವುದು ಸುಲಭ; ನನ್ನ ಮಾತನ್ನು ಇನ್ನೊಬ್ಬರು ನಂಬಿದಾಗ ಅದರ ಭಾರ ಎಷ್ಟೆಂದು ಅಂದು ತಿಳಿಯಿತು. ಮಂಟಪದ ಎದುರು ಕತ್ತಲಾಗುವವರೆಗೆ ನಿಂತೇ ಇದ್ದೆ.

ಬೆಳಗ್ಗೆ ಕಾಫಿಯ ಲೋಟ ಕೈಯಲ್ಲಿದ್ದಾಗ ಮೊಬೈಲು ಕೂಗಿತು. ಬೊಂಬೆ, ಪಕ್ಕದಲ್ಲಿ ಮೆಣಸಿನಕಾಯಿ. ತೋಟ ಹೋಯಿತು ಎಂದುಕೊಂಡೆ. ಲೋಟವನ್ನು ಕೆಳಗಿಡುವ ಮೊದಲೇ ಇನ್ನೊಂದು ಬೊಂಬೆ, ಮತ್ತೊಂದು, ಅದರ ಹಿಂದೆ ಹಿಂಡುಹಿಂಡು! ಪರದೆಯ ಮೇಲಿನಿಂದ ಕೆಳಗಿನವರೆಗೆ ಬೊಂಬೆಗಳೇ ಉರುಳಿ ಬಂದವು.

"ಮುಂದ್ಲ ಸಾಲು ಓಯ್ತು," ಎಂದಳು ಫೋನೆತ್ತಿದ ಕೂಡಲೇ. "ನಿನ್ ಬುದ್ಧಿವಂತಿಕೇಲಿ ಅದಿರ್ಲಿಲ್ಲ ಕಣಣ್ಣಯ್ಯ!"

"ಮಿಕ್ಕಿದ್ದು?"

"ನಿಂತದೆ! ಎಲ್ಲಾ ನಿಂತದೆ! ದೊಡ್ಡೋನು ತೋಟದ್ ಬದುವಿನ ಮೇಲೆ ನಿಂತ್ಕೊಂಡು, ಮುಂದ್ಲ ಸಲ ಚೆಂಡ್ಹೂವೂ ಹಾಕವ್ವ ಅಂತಾವ್ನೆ!"

ಗುತ್ತಿಗೆಯ ಮಾತು ಅಲ್ಲಿಗೇ ಮುಗಿದಿತ್ತು. ಫೋನಿಟ್ಟವನೇ ಮೊಮ್ಮಗಳನ್ನು ಕೂಗಿದೆ. "ಆ ಬೊಂಬೆ ಎಲ್ಲದೆ, ತೋರ್ಸು."

"ತಾತ! ನೀವಾ?"

"ನಾನೇ. ಬೇಗ ತೋರ್ಸವ್ವ."

ತೋರಿಸಿದಳು. ಒತ್ತಿದೆ. ಕೋಲು ಹಿಡಿದು ಬರಲು ಅವ್ವನಿರಲಿಲ್ಲ, ಮತ್ತೆ ಒತ್ತಿದೆ.