ಅನ್ಯಕೋಮಿನ ಯುವಕ

ರಾಯಬಾಗದಿಂದ ಪತ್ರಿಕೆಗೆ ಸುದ್ದಿ ಕಳಿಸುವ ನನ್ನ ಬಳಿ ಸಿದ್ಧ ವಾಕ್ಯಗಳ ದೊಡ್ಡ ದಾಸ್ತಾನಿದೆ. ಜಗಳವಾಡಿದ ಇಬ್ಬರು ಬೇರೆ ಬೇರೆ ಧರ್ಮದವರಾದರೆ ಸಾಕು, ‘ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ’ ಎಂದು ಕೈ ತಾನೇ ಬರೆದುಬಿಡುತ್ತದೆ. ನೀವೂ ಓದಿರುತ್ತೀರಿ. ಒಮ್ಮೆ ಹಾಗೆ ಬರೆಯುವಾಗ ಆ ಉದ್ವಿಗ್ನ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಕೂತು ಭಡಂಗ ಚುರುಮುರಿ ತಿನ್ನುತ್ತಿದ್ದೆ. ‘ಅಂಗಡಿಗಳು ಮುಚ್ಚಿದ್ದವು’ ಎಂದೂ ಸೇರಿಸಿದೆ. ಅಂದು ವಾರದ ರಜೆ ಎಂಬುದನ್ನು ಬರೆಯಲಿಲ್ಲ.

‘ಕೋಮು’ ಅರಬ್ಬಿಯಿಂದ ಉರ್ದುವಿನ ಹಾದಿಯಲ್ಲಿ ನಮ್ಮಲ್ಲಿಗೆ ಬಂದ ಪದ. ಮೂಲದಲ್ಲಿ ಜನ, ಜನಾಂಗ ಎಂದಷ್ಟೇ ಅರ್ಥ. ನಮ್ಮಂಥವರ ಕೈಗೆ ಸಿಕ್ಕ ಮೇಲೆ ಅದಕ್ಕೆ ಗಲಭೆಯ ಹೊರತು ಬೇರೆ ಕೆಲಸವೇ ಇಲ್ಲವಾಯಿತು. ಇನ್ನು ‘ಅನ್ಯಕೋಮು’ ಎಂದರೆ ಯಾರಿಗೆ ಅನ್ಯ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಕೇಳಿದವನು ಕುಡಚಿಯ ದಸ್ತಗೀರ. ಶಿರಗುಪ್ಪಿಯ ರೈತ ಅಣ್ಣಾಸಾಹೇಬರ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಈ ಸಲ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಲೋಡು ಇಳಿಸುವ ಪಾಳಿಗಾಗಿ ಇನ್ನೊಬ್ಬ ಚಾಲಕನೊಂದಿಗೆ ಹೊಡೆದಾಡಿದ. ‘ಅನ್ಯಕೋಮಿನ ಯುವಕನಿಂದ ಹಲ್ಲೆ’ ಎಂದು ಬರೆದೆ. ನಲವತ್ತರ ಹತ್ತಿರದವನು ಅವನು, ಆದರೆ ಪತ್ರಿಕೆಯಲ್ಲಿ ಮೀಸೆ ಬೆಳ್ಳಗಾಗುವ ತನಕ ಎಲ್ಲರೂ ಯುವಕರೇ. ಸುದ್ದಿ ಬಂದ ದಿನವೇ ಅಣ್ಣಾಸಾಹೇಬರು ಅವನನ್ನು ಕೆಲಸದಿಂದ ಬಿಡಿಸಿದರು.

ವಾರದ ನಂತರ ದಸ್ತಗೀರ ನನ್ನ ಮನೆಗೆ ಬಂದು ಪತ್ರಿಕೆಯ ಎರಡು ತುಣುಕುಗಳನ್ನು ಮೇಜಿನ ಮೇಲಿಟ್ಟ. ಒಂದು ಈ ಜಗಳದ್ದು. ಇನ್ನೊಂದು ಹಳೆಯದು, ಪ್ಲಾಸ್ಟಿಕ್ ಹೊದಿಸಿದ್ದು: ಕೃಷ್ಣೆಯ ಮಹಾಪೂರದಲ್ಲಿ ‘ಸ್ಥಳೀಯ ಯುವಕನಿಂದ ಮೂವರ ರಕ್ಷಣೆ’. ಅದನ್ನು ಬರೆದವನೂ ನಾನೇ, ಆ ಯುವಕನೂ ಅವನೇ.

“ಹೊಳಿಗೆ ಜಿಗದಾಗ ನಾ ಸ್ಥಳೀಯ, ಜಗಳಾ ಮಾಡಿದಾಗ ಅನ್ಯ. ಹ್ಯಾಂಗ್ರಿ ಸರ್ ಇದು?”

ತಿದ್ದುಪಡಿ ಹಾಕಿಸುತ್ತೇನೆ ಎಂದೆ.

“ಬ್ಯಾಡ್ರಿ. ಕೈ ಮಾಡಿದ್ದು ನಂದೂ ತಪ್ಪೈತಿ. ಹೊಳಿ ಸುದ್ದಿಗೂ ಅದಽ ಶಬ್ದ ಹಚ್ಚಿ ಇನ್ನೊಮ್ಮಿ ಹಾಕ್ರಿ, ಸಾಕು.”

ಅವನು ಹೋದ ಮೇಲೆ ಬರೆದು ನೋಡಿದೆ: ‘ಅನ್ಯಕೋಮಿನ ಯುವಕನಿಂದ ಮೂವರ ರಕ್ಷಣೆ’. ಓದಲು ವಿಚಿತ್ರವಾಗಿತ್ತು. ಹಾಗಾದರೆ ಹಲ್ಲೆಯ ಪಕ್ಕದಲ್ಲಿ ಅದೇ ಪದ ಅಷ್ಟು ಸಹಜವಾಗಿ ಕಂಡದ್ದು ಹೇಗೆ? ನನಗೆ ನಾಚಿಕೆಯಾಯಿತು. ದ್ವೇಷದಿಂದ ಬರೆದಿದ್ದರೆ ಬರೆದ ನೆನಪಾದರೂ ಇರುತ್ತಿತ್ತು. ನಾನು ಅಭ್ಯಾಸದಿಂದ ಬರೆದಿದ್ದೆ.

ಮರುದಿನ ಬೆಳಿಗ್ಗೆ ಎರಡೂ ತುಣುಕು ಹಿಡಿದು ಶಿರಗುಪ್ಪಿಗೆ ಹೋದೆ. ಅಣ್ಣಾಸಾಹೇಬರು ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದರು.

“ಆ ಜಗಳ ಪಾಳಿ ಸಲುವಾಗಿ ಆದದ್ದರಿ, ಧರ್ಮದ್ದಲ್ಲ. ಆ ಶಬ್ದ ಹಚ್ಚಿದಾಂವ ನಾನು,” ಎಂದೆ.

ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದರು. ಆಮೇಲೆ ನನ್ನ ಮುಖವನ್ನೂ ಅಷ್ಟೇ ನಿಧಾನವಾಗಿ ನೋಡಿದರು.

“ಪೇಪರಿನ್ಯಾಗ ಬಂದೈತಿ, ಖರೇ ಇರಬೇಕು ಅಂತ ತಿಳಿದಿದ್ನಿ. ನೀವು ಬರದದ್ದು ಅಂತ ಗೊತ್ತಿದ್ರ ಅವನ್ನ ಒಂದ್ ಮಾತು ಕೇಳ್ತಿದ್ನಲ್ರಿ!” ಎಂದು ದಸ್ತಗೀರನಿಗೆ ಫೋನ್ ಹಚ್ಚಿದರು.

ಇಷ್ಟು ವರ್ಷಗಳಲ್ಲಿ ನನ್ನ ಬರಹಕ್ಕೆ ಸಿಕ್ಕ ವಿಮರ್ಶೆಗಳಲ್ಲಿ ಇಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ. ತಲೆ ತಗ್ಗಿಸಿ ಚಹಾ ಕುಡಿದೆ.