ಹಿಂದೆ ಸರಿದು ನೋಡುವ ಭಾವ

ನಮ್ಮ ಭಾವ ಮನೆಗಳಿಗೆ ಬಣ್ಣ ಬಳಿಯುವವರು. ಅದರಲ್ಲೂ ಚಾವಣಿಗೆ ಬಣ್ಣ ಹೊಡೆಯುವುದರಲ್ಲಿ ಎತ್ತಿದ ಕೈ. ಉಳಿದವರು ಉದ್ದ ಕೋಲಿಗೆ ರೋಲರ್ ಸಿಕ್ಕಿಸಿ ನೆಲದ ಮೇಲೇ ನಿಂತು ಮುಗಿಸುತ್ತಾರೆ. ಇವರಿಗೆ ಹಲಗೆ ಹತ್ತಿ ಬ್ರಷ್ಷಿನಲ್ಲೇ ಬಳಿಯಬೇಕು. ಒಂದಷ್ಟು ಬಳಿಯುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ತಲೆ ಓರೆ ಮಾಡಿ ನೋಡುವುದು, ತಮಗೆ ತಾವೇ 'ಹ್ಞೂಂ' ಎನ್ನುವುದು. ಮೂವತ್ತು ವರ್ಷದ ಚಟ. ನನ್ನ ಮದುವೆಯ ಫೋಟೊದಲ್ಲೂ ಎರಡು ಹೆಜ್ಜೆ ಹಿಂದೆ ನಿಂತು ಗೋಡೆ ನೋಡುತ್ತಿದ್ದಾರೆ.

ಇಂಥವರ ಸ್ವಂತ ಮನೆಯಲ್ಲಿ, ಅಕ್ಕನ ಮಂಚದ ನೇರ ಮೇಲೆ, ಹನ್ನೊಂದು ವರ್ಷದಿಂದ ಒಂದು ಕಂದು ಕಲೆ. ಅಕ್ಕ ಕೇಳಿದಾಗಲೆಲ್ಲ "ಬರೋ ಭಾನುವಾರ" ಎನ್ನುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮುಖಕ್ಕೇ ಹೇಳಿದ್ದೇನೆ. ನಕ್ಕುಬಿಡುತ್ತಾರೆ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಅಕ್ಕನೂ ಏನು ಕಡಿಮೆಯಿಲ್ಲ, ಅವರ ಕೆಲಸವನ್ನು ಒಂದು ದಿನವೂ ಹೊಗಳಿದವಳಲ್ಲ.

ಹೋದ ವರ್ಷ ಶಾಲೆಯೊಂದರ ಸಭಾಂಗಣದಲ್ಲಿ ಚಾವಣಿ ಕೆಲಸ ಮುಗಿಯುತ್ತ ಬಂದಿತ್ತು. ಬಹಳ ಚೆನ್ನಾಗಿ ಬಂದಿರಬೇಕು. ಭಾವ ಎರಡು ಹೆಜ್ಜೆ ಹಿಂದೆ ಸರಿದರು. ಹಲಗೆಯಲ್ಲಿ ಒಂದೇ ಹೆಜ್ಜೆಗೆ ಜಾಗವಿತ್ತು.

ಬಲಭುಜದ ಹಿಂದಿನ ಅಗಲ ಮೂಳೆ ಒಡೆಯಿತು. ಸಾಮಾನ್ಯವಾಗಿ ಈ ಮೂಳೆ ಮುರಿದರೆ ಕೈಯನ್ನು ಕುತ್ತಿಗೆಗೆ ಕಟ್ಟಿ ತೂಗುಬಿಟ್ಟರೆ ಸಾಕು, ತಾನೇ ಕೂಡಿಕೊಳ್ಳುತ್ತದಂತೆ. ಇವರದು ತೋಳಿನ ಗುಂಡು ಕೂರುವ ಬಟ್ಟಲಿನಲ್ಲೇ ಸೀಳಿ ಜರುಗಿತ್ತು. ಬೆನ್ನಿನ ಕಡೆಯಿಂದ ತೆರೆದು ಪ್ಲೇಟು, ಸ್ಕ್ರೂ ಹಾಕಬೇಕೆಂದರು ಡಾಕ್ಟರು. ಭಾವ ಕೇಳಿದ್ದು ಒಂದೇ ಮಾತು.

"ಕೈ ಚಾವಣಿ ತನಕ ಹೋಗತ್ತಾ?"

"ಮೂಳೆ ಕೂಡಿಸೋದು ನನ್ನ ಕೆಲಸ. ಕೈ ಎತ್ತೋದು ನಿಮ್ಮ ಕೆಲಸ," ಎಂದರು ಡಾಕ್ಟರು.

ಆಪರೇಷನ್ ಮುಗಿದು ಎಚ್ಚರವಾದ ಕೂಡಲೇ ಭಾವ ವಾರ್ಡಿನ ಚಾವಣಿ ನೋಡಿ, "ಒಂದೇ ಕೋಟು ಹೊಡೆದು ಓಡಿಹೋಗಿದಾನೆ," ಎಂದರು. ಇನ್ನು ಭಯವಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಕೆಲವು ವಾರ ಕಳೆದ ಮೇಲೆ ವ್ಯಾಯಾಮ ಶುರುವಾಯಿತು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು, ಮುಟ್ಟಿದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯಬೇಕು. ಗೋಡೆ ಮೇಲೆ ಗೆರೆಯೇ? ಜಪ್ಪಯ್ಯ ಅಂದರೂ ಭಾವ ಒಪ್ಪಲಿಲ್ಲ. ಅಕ್ಕ ತಾನೇ ಪೆನ್ಸಿಲ್ ತಂದು ಎಳೆದಳು. ಮೊದಲ ಗೆರೆ ಎದೆಯ ಮಟ್ಟಕ್ಕಿತ್ತು. ಮೂಗಿನ ತನಕ ಬಂದು ನಿಂತುಬಿಟ್ಟಿತು. ಮೂರು ವಾರ ಒಂದೇ ಗೆರೆ.

"ಸಾಕು ಬಿಡು. ನೆಲದ ಮೇಲೆ ನಿಂತು ರೋಲರ್ ಹಿಡೀತೀನಿ," ಎಂದರು ಭಾವ. ಅಂದು ಅವರು ನಗಲಿಲ್ಲ. ಆ ಹಾಳು ನಗುವಿಗಾಗಿ ನಾನು ಕಾದೇ ಕಾದೆ.

ಅಕ್ಕ ಮಂಚದ ಮೇಲೆ ಮಲಗಿ ಕಲೆಯ ಕಡೆ ಬೆರಳು ತೋರಿಸಿದಳು. "ಸರಿ. ಇದಕ್ಕೆ ಬೇರೆಯವರನ್ನ ಕರೀತೀನಿ."

"ನನ್ನ ಮನೆಗೆ ಇನ್ನೊಬ್ಬ ಪೇಂಟರಾ?"

"ಇನ್ನೇನ್ರೀ ಮಾಡ್ಲಿ?"

ಮರುದಿನ ಬೆಳಿಗ್ಗೆ ಗೆರೆ ಎರಡು ಬೆರಳು ಮೇಲೇರಿತು. ಮುಂದಿನ ತಿಂಗಳು ಹಣೆ, ಆಮೇಲೆ ತಲೆ, ಅದಕ್ಕೂ ಮೇಲೆ. ನೋವಿಗೆ ಭಾವ ಬೈದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟರು. ಹನ್ನೊಂದು ವರ್ಷದಿಂದ ಬರುತ್ತಿದ್ದ ಆ ಭಾನುವಾರ ಕೊನೆಗೂ ಬಂತು. ಮಂಚ ಸರಿಸಿ, ಅಲ್ಲಿಗೆ ಊಟದ ಮೇಜು ಎಳೆದು ಭಾವ ಹತ್ತಿದರು. ಬಲಗೈ ನಿಧಾನವಾಗಿ ಎದ್ದಿತು. ಬ್ರಷ್ಷು ಚಾವಣಿ ಮುಟ್ಟಿತು. ನಾನು ಬಣ್ಣದ ಡಬ್ಬ ಹಿಡಿದುಕೊಂಡೇ ಅತ್ತುಬಿಟ್ಟೆ, ಖುಷಿಗೆ. ಮಧ್ಯಾಹ್ನದ ಹೊತ್ತಿಗೆ ಎರಡನೇ ಕೋಟೂ ಮುಗಿದು ಕಲೆ ಹೋಗಿತ್ತು.

ಭಾವ ತಲೆ ಓರೆ ಮಾಡಿದರು. ಒಂದು ಹೆಜ್ಜೆ ಹಿಂದೆ ಇಟ್ಟರು.

ಹಿಂದೆ ಕುರ್ಚಿಯ ಮೇಲೆ ಅಕ್ಕ ನಿಂತಿದ್ದಳು. ಹೊಲಿಗೆಯ ಗುರುತಿದ್ದ ಜಾಗಕ್ಕೇ ಅಂಗೈ ಒತ್ತಿ ತಡೆದಳು.

"ಅಲ್ಲೇ ನಿಂತ್ಕೊಳ್ರೀ. ತುಂಬ ಚೆನ್ನಾಗಿ ಬಂದಿದೆ. ನಾನು ನೋಡ್ತಿದೀನಲ್ಲ."

ಭಾವ ಎರಡನೇ ಹೆಜ್ಜೆ ಇಡಲಿಲ್ಲ.

"ಇನ್ನೊಂದ್ಸಲ ಹೇಳು," ಎಂದರು.