ಅತ್ತೆಯ ಕಿವಿ, ಮಾವನ ಆಕಳಿಕೆ

ಹೋದ ವಾರ ನಮ್ಮ ಮನೆಗೆ ಹೊಸ ಕಾರು ಬಂತು. ಹೊಸದು ಎಂದರೆ ನಮಗೆ ಹೊಸದು. ಬೇರೆ ಯಾರೋ ಒಂದಷ್ಟು ವರ್ಷ ಓಡಿಸಿ ಬಿಟ್ಟದ್ದು. ಯಜಮಾನರು ಅದರ ಗುಣಗಾನ ಮಾಡುತ್ತಾ ನನ್ನನ್ನು ಒಳಗೆ ಕೂರಿಸಿ, ಬಾಗಿಲು ಹಾಕಿದರು. ಗುಪ್ ಎಂದು ಎರಡೂ ಕಿವಿಯೊಳಕ್ಕೆ ಯಾರೋ ಹೆಬ್ಬೆರಳು ಒತ್ತಿದ ಹಾಗಾಯಿತು. ಬಾಗಿಲು ಎಷ್ಟು ಟೈಟಾಗಿದೆ ನೋಡು, ಒಂದು ಸೊಳ್ಳೆಯೂ ನುಗ್ಗಲ್ಲ ಎಂದು ಅವರು ಹಿಗ್ಗಿದರು. ನಾನು ನನ್ನ ಕಡೆಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಬಾಗಿಲು ತೆಗೆದು ಮತ್ತೆ ಹಾಕಿದೆ. ಈ ಸಲ ಕಿವಿಗೆ ಏನೂ ಆಗಲಿಲ್ಲ. "ಅಪ್ಪನಿಗೆ ತಕ್ಕ ಸೊಸೆ" ಎಂದು ಗೊಣಗಿಕೊಂಡು ಅವರು ಮನೆಯೊಳಗೆ ಹೋದರು.

ಕಾರಿನೊಳಗೆ ಕಿವಿ ಒತ್ತುವ ವಿಷಯದಲ್ಲಿ ನಾನೊಬ್ಬಳು ಪಂಡಿತೆ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಗಾಜುಗಳನ್ನೆಲ್ಲ ಏರಿಸಿಕೊಂಡು ಬಾಗಿಲು ಬಡಿದರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಸಾಲದೆ ಅದು ನಮ್ಮ ಕಿವಿಯನ್ನೇ ತಳ್ಳುತ್ತದೆ. ಹಿಂದಿನ ಒಂದೇ ಗಾಜು ಇಳಿಸಿಕೊಂಡು ಜೋರಾಗಿ ಹೋದಿರೋ, ತಲೆಯ ಪಕ್ಕದಲ್ಲೇ ಡೋಲು ಬಡಿದಂತೆ ಧಬಧಬ ಎನ್ನುತ್ತದೆ. ಆಗ ಎದುರು ಬದಿಯ ಮುಂದಿನ ಗಾಜನ್ನು ಚೂರು ಇಳಿಸಿದರೆ ಸದ್ದು ಅಡಗುತ್ತದೆ. ಇದನ್ನೆಲ್ಲ ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ನನ್ನ ಮಾವನವರ ಪ್ರಯೋಗಗಳಿಗೆ ಎರಡೂ ಕಿವಿಗಳನ್ನು ಒಪ್ಪಿಸಿ ಕಲಿತದ್ದು.

ಮಾವನವರದು ಸುಂಟಿಕೊಪ್ಪದ ಪೇಟೆಯಲ್ಲಿ ಕರಿಮೆಣಸು ಕೊಂಡು ಮಾರುವ ವ್ಯಾಪಾರ. ಮನುಷ್ಯ ಬಹಳ ಒಳ್ಳೆಯವರು, ಆದರೆ ಕೆಟ್ಟುಹೋದ ಸಾಮಾನು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ದುಡ್ಡು ಕೊಟ್ಟು ರಿಪೇರಿ ಮಾಡಿಸುವುದು ಅವರ ಜಾಯಮಾನಕ್ಕೆ ಒಗ್ಗದು. ಸೈಕಲ್ ಟ್ಯೂಬಿನ ಚೂರು, ತಾಮ್ರದ ತಂತಿ, ಗೋಣಿ ದಾರ, ಒಂದು ಡಬ್ಬಿ ಅಂಟು, ಇಷ್ಟಿದ್ದರೆ ವಿಮಾನವನ್ನೂ ಹಾರಿಸಿಯಾರು ಎಂದು ಅತ್ತೆ ಹೇಳುತ್ತಿದ್ದರು. ಅದು ಹೊಗಳಿಕೆಯಲ್ಲ. ನನ್ನ ಮದುವೆಗೆ ಉಡುಗೊರೆ ಬಂದ ಗೋಡೆ ಗಡಿಯಾರ ಅವರ ಕೈಗೆ ಸಿಕ್ಕಿದ ಮೇಲೆ ಗಂಟೆ ಹೊಡೆಯುವುದನ್ನು ಬಿಟ್ಟು ಕೆಮ್ಮತೊಡಗಿತು. ಅರಸೀಕೆರೆ ಕಡೆಯ ಸಪಾಟು ನೆಲದಿಂದ ಬಂದ ನನಗೆ ಮೊದಮೊದಲು ಇದು ಮನೆಯೋ ಗ್ಯಾರೇಜೋ ಎನ್ನುವ ಅನುಮಾನ ಬರುತ್ತಿತ್ತು. ಅತ್ತೆಯ ಜೊತೆ ಅವರ ಮಾತು ಊಟ ಹಾಕು, ಟಾರ್ಚ್ ಎಲ್ಲಿಟ್ಟೆ ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಜಗಳವೇನಿರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕೂತು ಮಾತಾಡುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಅತ್ತೆಗೆ ಘಾಟಿ ಇಳಿದರೆ ಕಿವಿ ಕಟ್ಟುತ್ತಿತ್ತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವವರಲ್ಲಿ ಯಾರಿಗೆ ಕಟ್ಟುವುದಿಲ್ಲ ಹೇಳಿ. ನಿಮಗೂ ನನಗೂ ಒಮ್ಮೆ ಎಂಜಲು ನುಂಗಿದರೆ ಟಪ್ ಎಂದು ಬಿಡುತ್ತದೆ. ಅವರಿಗೆ ಬಿಡುತ್ತಿರಲಿಲ್ಲ. ಮದೆನಾಡು ದಾಟುವಷ್ಟರಲ್ಲಿ ಸೆರಗನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಜೋಡುಪಾಲದ ಹೊತ್ತಿಗೆ ಕಣ್ಣಲ್ಲಿ ನೀರು. ಕೆಳಗೆ ಹೋದ ಮೇಲೂ ಒಂದೆರಡು ದಿನ, ತಮ್ಮ ಮಾತೇ ತಮಗೆ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ ಎನ್ನುತ್ತಿದ್ದರು. ಮಗಳು ಗಿರಿಜಳನ್ನು ಘಾಟಿಯ ಕೆಳಗಿನ ಸುಳ್ಯಕ್ಕೆ ಕೊಟ್ಟಿತ್ತು. ಅಲ್ಲಿ ಬೀಗರು ಮಾತಾಡಿಸಿದರೆ ಇವರು ಸುಮ್ಮನೆ ತಲೆಯಾಡಿಸಿ ಕೂರುವುದು ನೋಡಿ ಅವರು, ಈಕೆಗೆ ಜಂಬ ಎಂದುಕೊಂಡರು. ನಮ್ಮ ಮನೆಯಲ್ಲೂ ಯಾರೂ ಪೂರ್ತಿ ನಂಬಿರಲಿಲ್ಲ. ಒಂದು ಸಲ, ಕಾರು ಇನ್ನೂ ನಮ್ಮ ಶೆಡ್ಡಿನಲ್ಲೇ ನಿಂತಿರುವಾಗ, ಬಾಗಿಲು ಹಾಕಿದ ಕೂಡಲೇ ಕಿವಿ ನೋಯುತ್ತದೆ ಎಂದು ಅತ್ತೆ ಹೇಳಿದರು. "ಘಾಟಿ ಇನ್ನೂ ಮಡಿಕೇರಿ ಆಚೆಗೈತೆ, ನಿಂದು ಇಲ್ಲೇ ಶುರುವಾಯ್ತಾ" ಎಂದುಬಿಟ್ಟರು ಮಾವ. ಆ ಮಾತು ಅತ್ತೆಗೆ ನಾಟಿತು. ಆ ಸಲ ಸುಳ್ಯದಿಂದ ವಾಪಸು ಬಂದವರು, ಇನ್ನು ಮೇಲೆ ನಾನು ಘಾಟಿ ಇಳಿಯೋಳಲ್ಲ ಎಂದು ಹೇಳಿ ಅಡುಗೆಮನೆ ಸೇರಿದರು.

ಹೀಗಿರುವಾಗ ಗಿರಿಜ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಅತ್ತೆ ಹಂಡೆ ತೊಳೆಸಿ, ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿಟ್ಟುಕೊಂಡು ಕಾಯುತ್ತಿದ್ದರು. ಏಳನೇ ತಿಂಗಳಲ್ಲಿ ಅಲ್ಲಿಯ ಡಾಕ್ಟರು, ಇವಳು ಹಾಸಿಗೆ ಬಿಟ್ಟು ಏಳುವಂತಿಲ್ಲ, ಘಾಟಿ ರಸ್ತೆಯ ಪ್ರಯಾಣವಂತೂ ಬೇಡವೇ ಬೇಡ ಎಂದರು. ಮಗಳು ಹತ್ತುವ ಹಾಗಿಲ್ಲ, ತಾಯಿ ಇಳಿಯುವ ಹಾಗಿಲ್ಲ. ನೀನಿಲ್ಲದೆ ನನಗೆ ಹೆದರಿಕೆ ಎಂದು ಗಿರಿಜ ಫೋನಿನಲ್ಲಿ ಅತ್ತಳು. ಅತ್ತೆ ಫೋನಿಟ್ಟು ನನ್ನ ಹತ್ತಿರ ಬಂದರು.

"ಹೋಗ್ದೆ ಇರಕ್ಕಾಗುತ್ತೇನೆ? ಹೋಗ್ತೀನಿ. ಆದ್ರೆ ಅಲ್ಲಿ ಕಿವುಡಿ ಥರ ಕೂತ್ಕೊಂಡು, ಅವ್ಳು ನೋವು ಅಂತ ಕರದ್ರೆ ನಂಗೆ ಕೇಳ್ದೆ ಹೋದ್ರೆ ಏನ್ ಮಾಡ್ಲಿ?"

ಅವರು ಹೆದರಿದ್ದು ತಮ್ಮ ನೋವಿಗಲ್ಲ ಎನ್ನುವುದು ನನಗೆ ತಿಳಿದದ್ದೇ ಆಗ. ಜಗುಲಿಯಲ್ಲಿ ಕೂತು ಕನ್ನಡಕದ ಕಡ್ಡಿಗೆ ತಂತಿ ಸುತ್ತುತ್ತಿದ್ದ ಮಾವನೂ ಈ ಮಾತು ಕೇಳಿಸಿಕೊಂಡರು. ತಂತಿಯನ್ನು ಕೆಳಗಿಟ್ಟು ಎದ್ದು ಶೆಡ್ಡಿನ ಕಡೆ ಹೋದರು.

ಮರುದಿನದಿಂದಲೇ ಸಂಶೋಧನೆ ಶುರು. ಮೊದಲು ಮಡಿಕೇರಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿದರು, ಅದನ್ನು ಒಪ್ಪಬೇಕು. ಕಿವಿಯಲ್ಲಿ ದೋಷವಿಲ್ಲ, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಾಳ ಇವರಿಗೆ ನಿಧಾನಕ್ಕೆ ತೆರೆದುಕೊಳ್ಳುತ್ತದೆ, ಇಳಿಯುವಾಗ ಏನಾದರೂ ಚೀಪುತ್ತಾ ನುಂಗುತ್ತಿರಿ, ಆಕಳಿಸಿ, ನಿದ್ದೆ ಮಾಡಬೇಡಿ, ನೆಗಡಿ ಇದ್ದಾಗ ಹೊರಡಬೇಡಿ, ಆದಷ್ಟೂ ನಿಧಾನವಾಗಿ ಇಳಿಯಿರಿ ಎಂದು ಅವರು ಹೇಳಿ ಕಳಿಸಿದರು. ಇಷ್ಟು ಸಸಾರದ ಮದ್ದು ಮಾವನಿಗೆ ರುಚಿಸಲಿಲ್ಲ. ಕಾರಿಗೇ ಏನಾದರೂ ಮಾಡಬೇಕು ಎಂದು ಅವರ ಹಟ. ಹಿಂದಿನ ಗಾಜು ಇಳಿಸಿದರೆ ಗಾಳಿಯಾಡುತ್ತದೆ ಎಂದು ನನ್ನನ್ನು ಹಿಂದೆ ಕೂರಿಸಿಕೊಂಡು ಕುಶಾಲನಗರದ ಕಡೆಗೆ ಓಡಿಸಿದರು. ನೇರ ರಸ್ತೆ ಸಿಕ್ಕಿ ವೇಗ ಏರಿದ್ದೇ ಧಬಧಬ ಶುರುವಾಯಿತು. ಈಗ ಹೆಂಗೈತಮ್ಮ ಎಂದು ಅವರು ಕೇಳುವುದು, ನಾನು ಕಿವಿ ಮುಚ್ಚಿಕೊಂಡು ಬೇಡ ಬೇಡ ಎಂದು ತಲೆಯಾಡಿಸುವುದು. ಒಂದೊಂದು ಗಾಜನ್ನೂ ಏರಿಸಿ ಇಳಿಸಿ, ಕೊನೆಗೆ ಎದುರು ಬದಿಯ ಗಾಜಿನ ಗುಟ್ಟು ಕಂಡುಹಿಡಿದರು. ಆದರೆ ಅದು ಮಳೆಗಾಲ. ಗಾಜು ಇಳಿಸಿದರೆ ಮಡಿಲು ತುಂಬ ನೀರು. ಅದಕ್ಕೆ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಕೊಯ್ದು, ಕಿಟಕಿಗಳ ಮೇಲೆ ಮಳೆ ತಡೆಯುವ ಪಟ್ಟಿಗಳನ್ನು ಅಂಟಿಸಿದರು. ಕಾರಿಗೆ ನೀಲಿ ಹುಬ್ಬು ಬಂತು. ಪೇಟೆಯಲ್ಲಿ ಜನ ನಿಂತು ನೋಡುವಾಗ ನಾನು ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿ ಕೂರುತ್ತಿದ್ದೆ.

ಇಷ್ಟೆಲ್ಲ ಆಗಿ, ಒಂದು ಬೆಳಿಗ್ಗೆ ಅತ್ತೆಯನ್ನು ಮಡಿಕೇರಿವರೆಗೆ ಕರೆದುಕೊಂಡು ಹೋಗಿ ನೋಡೋಣ ಎಂದು ಹೊರಟೆವು. ಹುಬ್ಬು ಗಿಬ್ಬು ಯಾವುದಕ್ಕೂ ಬಗ್ಗದ ಮಳೆ, ಗಾಜೆಲ್ಲ ಏರಿಸಿತ್ತು. ಅತ್ತೆ ಹಿಂದೆ ಕೂತು ಬಾಗಿಲು ಹಾಕಿದ್ದೇ ಮುಖ ಕಿವುಚಿದರು. ಏನೋ ಹೇಳಲು ಮಾವ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಇಳಿದು ಬಂದು ಅತ್ತೆಯನ್ನು ಕೆಳಗಿಳಿಸಿ, ಅವರ ಜಾಗದಲ್ಲಿ ತಾವು ಕೂತು, ಹೊರಗಿಂದ ಜೋರಾಗಿ ಬಾಗಿಲು ಹಾಕು ಎಂದು ನನಗೆ ಹೇಳಿದರು. ಅವರು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಯಾವಾಗಲೂ ಓಡಿಸುವವರು ಅವರೇ, ಎಲೆಯಡಿಕೆ ಉಗುಳಲು ಅವರ ಕಡೆಯ ಗಾಜು ಬಾಗಿಲು ಹಾಕುವ ಮೊದಲೇ ಇಳಿದಿರುತ್ತಿತ್ತು, ಹಾಗಾಗಿ ಈ ಒತ್ತು ಅವರ ಕಿವಿಗೆ ತಟ್ಟಿರಲೇ ಇಲ್ಲ. ವಾರವಿಡೀ ಡೋಲು ಕೇಳಿದ ಸಿಟ್ಟನ್ನೆಲ್ಲ ಸೇರಿಸಿ ನಾನು ಬಾಗಿಲು ಬಡಿದೆ. ಒಳಗೆ ಅವರ ಕೈ ತಾನಾಗಿ ಕಿವಿಗೆ ಹೋಯಿತು. ಇನ್ನೊಂದು ಸಲ ಎಂದು ಸನ್ನೆ ಮಾಡಿದರು. ಇನ್ನೊಂದು ಸಲ ಬಡಿದೆ.

ಅವರು ಇಳಿದು ಯಾರ ಮುಖವನ್ನೂ ನೋಡದೆ ಡಿಕ್ಕಿ ತೆಗೆದರು. ನಮ್ಮಲ್ಲಿ ಮೆಣಸಿನ ವ್ಯಾಪಾರಿಗಳು ಸ್ಯಾಂಪಲ್ ಚೀಲಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ತಿರುಗುವುದು ರೂಢಿ. ಮಳೆ ಹಿಡಿದರೆ ಕಾಫಿ ತೋಟದ ಇಲಿಗಳೆಲ್ಲ ಶೆಡ್ಡಿಗೆ ಬರುತ್ತವೆ. ಮೆಣಸು ತಿನ್ನದಿದ್ದರೂ ಬೆಚ್ಚನೆಯ ಗೋಣಿ ಅವಕ್ಕೆ ಪ್ರಾಣ. ಹಿಂದಿನ ವರ್ಷ ಒಂದು ಇಲಿ ಸೀಟಿನ ಸ್ಪಂಜಿನಲ್ಲಿ ಮರಿ ಹಾಕಿತ್ತು. ಅದು ಬಂದ ದಾರಿಯನ್ನು ಮಾವ ಹುಡುಕಿದ್ದರು. ಹಿಂದಿನ ಬಂಪರಿನ ಒಳಗೆ, ಎರಡೂ ಬದಿಯಲ್ಲಿ, ರಬ್ಬರಿನ ಸಣ್ಣ ಮುಚ್ಚಳಗಳಿರುವ ಕಿಂಡಿಗಳು. ಕಾರು ಮಾಡಿದವರಿಗೆ ಬುದ್ಧಿಯಿಲ್ಲ ಎಂದು ಬೈದು, ಅವಕ್ಕೆ ಗೋಣಿ ತುರುಕಿ, ಮೇಲೆ ಅಂಟು ಮೆತ್ತಿ ಭದ್ರ ಮಾಡಿದ್ದರು. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಗೆ ಹೋಗುವುದು ಆ ಕಿಂಡಿಗಳಿಂದಲೇ ಎನ್ನುವುದು ನಮಗೆ ಯಾರಿಗೆ ಗೊತ್ತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು ಕೆರೆದು ಅವರು ಗೋಣಿಯ ಉಂಡೆಗಳನ್ನು ಹೊರಗೆಳೆದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಗಾಳಿ ಹೋಗೋ ದಾರಿ ನಾನೇ ಮುಚ್ಚಿಬಿಟ್ಟಿದ್ದೆ ಕಣೇ. ನೀನು ಹೇಳಿದ್ದು ನಿಜ."

"ಹೋಗ್ಲಿ ಬಿಡಿ" ಎಂದರು ಅತ್ತೆ. ಅಷ್ಟು ಹೇಳಿ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದು ನೋವಿನ ನೀರಲ್ಲ. ತನ್ನ ಮಾತನ್ನು ನಂಬಿದರಲ್ಲ ಎನ್ನುವ ಸಮಾಧಾನದ್ದು, ನನಗೆ ಗೊತ್ತಾಗುತ್ತದೆ. ಮಾವ ಅಂಗಡಿಯ ಮೆಣಸು ಜರಡಿಯ ತಂತಿಬಲೆಯನ್ನು ಕತ್ತರಿಸಿ ತಂದು ಕಿಂಡಿಗಳಿಗೆ ಕಟ್ಟಿದರು. ಗಾಳಿ ಹೋಗಬೇಕು, ಇಲಿ ಬರಬಾರದು. ಅವರ ಜನ್ಮದ ರಿಪೇರಿಗಳಲ್ಲಿ ಪೂರ್ತಿ ಸರಿಹೋದದ್ದು ಅದೊಂದೇ ಇರಬೇಕು.

ಬಾಗಿಲಿನ ಕಥೆ ಮುಗಿದರೂ ಘಾಟಿಯ ಕಥೆ ಹಾಗೇ ಇತ್ತು. ಬೆಟ್ಟವನ್ನು ಜರಡಿಯಿಂದ ಸರಿ ಮಾಡಲಾಗುವುದಿಲ್ಲ. ಮಡಿಕೇರಿ ಬಿಟ್ಟರೆ ಸಂಪಾಜೆಯವರೆಗೆ ಎಲ್ಲೂ ಕಾರು ನಿಲ್ಲಿಸಿದವನಲ್ಲ ಎಂದು ಪೇಟೆಯೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ ಅವರು. ಗಿರಿಜಳ ಹತ್ತಿರ ಹೊರಟ ದಿನ ಮದೆನಾಡಿಗೂ ಮೊದಲೇ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿದರು. ಮಳೆ ಸ್ವಲ್ಪ ಬಿಟ್ಟಿತ್ತು. ಅತ್ತೆಯನ್ನು ಇಳಿಸಿ ರಸ್ತೆಯ ಅಂಚಿನ ಮೋಟುಗೋಡೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಜೇಬಿನಿಂದ ಶುಂಠಿ ಪೆಪ್ಪರಮಿಂಟು ತೆಗೆದು ಕೊಟ್ಟರು. ನುಂಗು, ನುಂಗು ಎಂದರು. ಬಿಡ್ತಾ ಎಂದು ಕೇಳಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಹಾಗಾದರೆ ಆಕಳಿಸು ಎಂದರು. ಹೇಳಿದ ಕೂಡಲೇ ಆಕಳಿಕೆ ಎಲ್ಲಿಂದ ಬರಬೇಕು? ಆಗ ಮಾವ ಅತ್ತೆಯ ಮುಖದೆದುರು ದವಡೆ ಕಳಚುವಷ್ಟು ಅಗಲಕ್ಕೆ ಬಾಯಿ ತೆರೆದು ಆಕಳಿಸಿದರು. ಮತ್ತೊಮ್ಮೆ ಆಕಳಿಸಿದರು. ಕಾರಿನೊಳಗೆ ಕೂತಿದ್ದ ನನಗೆ ಮೊದಲು ಬಂತು, ಆಮೇಲೆ ಅತ್ತೆಗೆ ಬಂತು. ಟಪ್ ಅಂತು ಎಂದು ಅತ್ತೆ ಕೆನ್ನೆ ಮುಟ್ಟಿಕೊಂಡು ನಕ್ಕರು. ಹೀಗೆ ತಿರುವಿಗೊಮ್ಮೆ ನಿಲ್ಲುತ್ತಾ, ಕೂರುತ್ತಾ, ಊರಿಗೆಲ್ಲ ನಿದ್ದೆ ಬರಿಸುವಷ್ಟು ಆಕಳಿಸುತ್ತಾ ನಾವು ಘಾಟಿ ಇಳಿದೆವು. ನನ್ನ ದವಡೆಯ ಕೀಲು ಮಾರನೆಯ ದಿನವೂ ನೋಯುತ್ತಿತ್ತು.

ಬೀಗರ ಮನೆಯ ಅಂಗಳದಲ್ಲಿ ಕಾರು ನಿಂತಾಗ ಒಳಕೋಣೆಯಿಂದ ಗಿರಿಜ "ಅವ್ವಾ" ಎಂದಳು. ಮಲಗಿದವಳ ಸಣ್ಣ ದನಿ. ನನಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೂ ಚಪ್ಪಲಿ ಬಿಡುತ್ತಿದ್ದ ಅತ್ತೆ ಅಂಗಳದಿಂದಲೇ "ಬಂದೆ ಕಣವ್ವಾ" ಎಂದು ಓಗೊಟ್ಟು ಒಳಗೆ ಓಡಿದರು. ಮಾವ ಬಾನೆಟ್ ಎತ್ತಿ ಇಂಜಿನಿನಲ್ಲಿ ಏನನ್ನೋ ಹುಡುಕತೊಡಗಿದರು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಬಾಣಂತನ ಮುಗಿಸಿಯೇ ಅತ್ತೆ ಸುಂಟಿಕೊಪ್ಪಕ್ಕೆ ಬಂದದ್ದು.

ಆಮೇಲೆ ವರ್ಷಗಟ್ಟಲೆ ಅವರಿಬ್ಬರೂ ಮೊಮ್ಮಗಳನ್ನು ನೋಡಲು ಇಳಿದರು. ಪ್ರತಿ ಸಲವೂ ಅವೇ ತಿರುವುಗಳು, ಅದೇ ಪೆಪ್ಪರಮಿಂಟು. ಹಿಂದೆ ಬರುವ ಲಾರಿಯವರು ಹಾರನ್ ಹೊಡೆದರೆ, ನಮ್ಮನೇರ ಕಿವಿ ಬಿಡ್ಲಿ ತಡೀರಿ ಎಂದು ಮಾವ ಕೈ ತೋರಿಸುತ್ತಿದ್ದರು. ನಾನೂ ಜೊತೆಗಿದ್ದಾಗ ಕಾರಿನಲ್ಲೇ ಕೂತಿರುತ್ತಿದ್ದೆ. ಗೋಡೆಯ ಮೇಲೆ ಅವರು ಏನೇನೋ ಮಾತಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ನಾನು ಅವರನ್ನು ಹಾಗೆ ಪಕ್ಕಪಕ್ಕ ಕೂತದ್ದು ಕಂಡಿದ್ದೇ ಇಲ್ಲ. ಮಾವ ತೀರಿಹೋದ ಮೇಲೆ ಅತ್ತೆ ಬಹಳ ದಿನ ಎಲ್ಲಿಗೂ ಹೊರಡಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಮೊನ್ನೆ ಭಾನುವಾರ ಹೊಸ ಕಾರಿನಲ್ಲಿ ಅತ್ತೆಯನ್ನು ಸುಳ್ಯಕ್ಕೆ ಕರೆದುಕೊಂಡು ಹೊರಟೆ. ಯಜಮಾನರಿಗೆ ಅಂಗಡಿ, ಓಡಿಸಿದವಳು ನಾನೇ. ಮದೆನಾಡಿನ ಮೊದಲು ಆ ತಿರುವು ಬಂದಾಗ ಅಭ್ಯಾಸದಂತೆ ವೇಗ ಇಳಿಸಿದೆ. ನಿಲ್ಲಿಸೋದೇನೂ ಬೇಡ, ನಡಿ ಎಂದರು ಅತ್ತೆ. ಕಿವಿ ಕಟ್ಟುವುದಿಲ್ಲವೇ ಎಂದೆ.

"ನನ್ ಕಿವಿ ಸರಿಹೋಗಿ ಎಷ್ಟೋ ವರ್ಷ ಆಯ್ತು ಕಣೇ. ಗಿರಿಜನ ಮಗಳು ನಡಿಯಕ್ಕೆ ಕಲಿಯೋ ಹೊತ್ಗೇ ಕಟ್ಟೋದು ನಿಂತೋಗಿತ್ತು."

"ಮತ್ತೆ ಮಾವನಿಗೆ ಹೇಳ್ಲೇ ಇಲ್ವಲ್ಲ ಅತ್ತೆ?"

ಅತ್ತೆ ಹೊರಗೆ ಆ ಮೋಟುಗೋಡೆಯ ಕಡೆ ನೋಡಿದರು.

"ಹೇಳಿದ್ರೆ ನಿಲ್ಲಿಸ್ತಿದ್ರಾ?"

ನನಗೆ ಮುಂದಿನ ರಸ್ತೆ ಮಂಜಾಯಿತು. ಎಡಕ್ಕೆ ಎಳೆದು ಕಾರು ನಿಲ್ಲಿಸಿಬಿಟ್ಟೆ. ಅತ್ತೆ ಇಳಿದು ಹೋಗಿ ಮೋಟುಗೋಡೆಯ ಮೇಲೆ ಕೂತರು, ತಮ್ಮ ಬಲಗಡೆಗೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅದು ಮಾವನ ಜಾಗ, ನಾನು ಕಾರಿಗೆ ಒರಗಿ ನಿಂತೇ ಇದ್ದೆ. ಅತ್ತೆ ಗೋಡೆಯ ಮೇಲಿನ ಎಲೆಗಳನ್ನು ಕೈಯಿಂದ ಗುಡಿಸಿದರು.

"ಬಾ, ಕೂತ್ಕೋ" ಎಂದರು. "ಖಾಲಿ ನೋಡಕ್ಕಾಗಲ್ಲ ನಂಗೆ."

ನಾನು ಹೋಗಿ ಕೂತೆ.